ಬುರೈದಾಕ್ಕೆ ಹೊರಟ ನರ್ಸ್‌ಗೆ ಎಷ್ಟು ಅರಬ್ಬಿ ಬೇಕು?

ಪ್ರಶ್ನೆ: ನನಗೆ 33 ವರ್ಷ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ಸೌದಿ ಅರೇಬಿಯಾದ ಬುರೈದಾ ಎಂಬ ಊರಿನ ಆಸ್ಪತ್ರೆಗೆ ಆಯ್ಕೆಯಾಗಿದ್ದೇನೆ. ಇನ್ನು ಮೂರು ತಿಂಗಳಲ್ಲಿ ಹೊರಡಬೇಕು. ಲೈಸೆನ್ಸ್ ಪರೀಕ್ಷೆ ಇಂಗ್ಲಿಷಿನಲ್ಲೇ ಇತ್ತು, ಪಾಸಾಯಿತು. ಅರೇಬಿಕ್ ಮಾತ್ರ ಒಂದಕ್ಷರ ಬರುವುದಿಲ್ಲ. ದಮ್ಮಾಮಿನಲ್ಲಿ ಡ್ರೈವರ್ ಆಗಿರುವ ಚಿಕ್ಕಪ್ಪನ ಮಗ "ಹಿಂದಿ ಬಂದ್ರೆ ಸಾಕು ಅಕ್ಕ, ಇಲ್ಲಿ ಎಲ್ರೂ ಮಾಫಿ ಮಾಲೂಮ್ ಅಂತ ಹರಕುಮುರುಕು ಅರೇಬಿಕ್ ಭಾಷೆನೇ" ಅಂತಾನೆ. ಒಂದು ಆನ್‌ಲೈನ್ ಕ್ಲಾಸಿನವರು 45 ದಿನದಲ್ಲಿ ನಿರರ್ಗಳ ಅರೇಬಿಕ್ ಕಲಿಸುತ್ತೇವೆ ಎಂದು 18 ಸಾವಿರ ಕೇಳುತ್ತಿದ್ದಾರೆ. ಯೂಟ್ಯೂಬಿನಲ್ಲಿ ಒಬ್ಬೊಬ್ಬರದು ಒಂದೊಂದು ಥರ. "ಏನು" ಎನ್ನುವುದಕ್ಕೇ ಐದು ಶಬ್ದ ಸಿಕ್ಕಿತು. ಅಂಗಡಿ, ಟ್ಯಾಕ್ಸಿ ಹೇಗೋ ಆಗುತ್ತದೆ. ರೋಗಿ ಏನೋ ಹೇಳಿ, ನನಗೆ ಅದು ಅರ್ಥವಾಗದೆ ಏನಾದರೂ ಹೆಚ್ಚುಕಮ್ಮಿ ಆದರೆ ಎಂಬುದೇ ಭಯ. ಇನ್ನೊಂದು ಮಾತು: ನಾವು ಹಿಂದೂಗಳು. ಇನ್‌ಶಾ ಅಲ್ಲಾ ಅಂತೆಲ್ಲ ನಾನು ಹೇಳಿದರೆ ತಪ್ಪಾಗುತ್ತಾ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನಿಮ್ಮ ಭಯ ಸರಿಯಾದ ಜಾಗದಲ್ಲೇ ಇದೆ. ನಾನು ಹದಿನಾಲ್ಕು ವರ್ಷ ಸೌದಿಯ ಆಸ್ಪತ್ರೆಗಳಲ್ಲಿ ದುಭಾಷಿಯಾಗಿದ್ದೆ. ಈಗ ಮಂಗಳೂರಿನಲ್ಲಿ ಗಲ್ಫ್‌ಗೆ ಹೋಗುವವರಿಗೆ ಪಾಠ ಹೇಳುತ್ತೇನೆ. ಬರುವವರು ಸಾಮಾನ್ಯವಾಗಿ "ಮಾತಾಡೋದು ಕಲಿಸಿ ಸಾರ್" ಅಂತಾರೆ. ಕೇಳಿಸಿಕೊಳ್ಳೋದು ಕಲಿಸಿ ಅಂದವರು ಬಹಳ ಕಡಿಮೆ. ಪೆಟ್ಟು ಬೀಳುವುದು ಮಾತ್ರ ಅಲ್ಲೇ. "ವೇನ್ ಅಲ್ ಅಲಮ್?", ಅಂದರೆ ನೋವು ಎಲ್ಲಿ, ಎಂದು ಕೇಳುವುದನ್ನು ಐದು ನಿಮಿಷದಲ್ಲಿ ಕಲಿಯಬಹುದು. ಕೇಳಿದ ಮೇಲೆ ಅಜ್ಜಿ ಉಸಿರು ಬಿಡದೆ ಎರಡು ನಿಮಿಷ ಹೇಳುತ್ತಾರಲ್ಲ, ಅದಕ್ಕೇನು ಮಾಡುತ್ತೀರಿ?

ನನ್ನದೇ ಒಂದು ಕಥೆ ಹೇಳುತ್ತೇನೆ. ನಾಲ್ಕು ವರ್ಷ ಪುಸ್ತಕದ ಅರಬ್ಬಿ ಓದಿ, ವ್ಯಾಕರಣದಲ್ಲಿ ಒಳ್ಳೆ ಅಂಕ ತಗೊಂಡು ಹೋದವನು ನಾನು. ಕೆಲಸಕ್ಕೆ ಸೇರಿದ ಎರಡನೇ ವಾರ. ಎಮರ್ಜೆನ್ಸಿಯಲ್ಲಿ ಒಬ್ಬ ವಯಸ್ಸಾದ ರೋಗಿ ಹೊಟ್ಟೆ ಹಿಡಿದುಕೊಂಡು "ಯೋಜಅನಿ ಮರ್ರಾ" ಎಂದರು. ಡಾಕ್ಟರ್ ಪಾಕಿಸ್ತಾನದವರು, ಅವರಿಗೂ ಅರಬ್ಬಿ ಅಷ್ಟಕ್ಕಷ್ಟೇ. ನಾನು ಓದಿದ ಪುಸ್ತಕದಲ್ಲಿ ಮರ್ರಾ ಎಂದರೆ "ಒಂದು ಸಲ". ಹಾಗೇ ಹೇಳಿಬಿಟ್ಟೆ: ಒಂದು ಸಲ ನೋವು ಬಂದಿತ್ತಂತೆ. ರೋಗಿಯ ಜೊತೆಗಿದ್ದ ಮಗನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅವನು ನನ್ನ ತೋಳು ಹಿಡಿದು "ಒಂದು ಸಲ ಅಲ್ಲ, ತುಂಬಾ, ತುಂಬಾ!" ಎಂದ. ಸೌದಿಯ ಆಡುಮಾತಿನಲ್ಲಿ ಮರ್ರಾ ಅಂದರೆ "ಬಹಳ" ಎಂದೂ ಅರ್ಥ. ಆ ರೋಗಿಯನ್ನು ಅದೇ ರಾತ್ರಿ ಸರ್ಜರಿಗೆ ಒಯ್ದರು. ಮಗ ಪಕ್ಕದಲ್ಲಿ ಇರದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ನಿಮಗೆ ಸಿಕ್ಕ ಐದು "ಏನು"ಗಳ ಗುಟ್ಟೂ ಇದೇ. ಐದಲ್ಲ, ನಾನು ಆರು ಕೊಡುತ್ತೇನೆ. ಪುಸ್ತಕದಲ್ಲಿ ಮಾಧಾ. ಈಜಿಪ್ಟಿನಲ್ಲಿ ಏಹ್. ಸಿರಿಯಾ, ಲೆಬನಾನ್ ಕಡೆ ಶೂ. ಕುವೈತಿನಲ್ಲಿ ಶಿನು. ಜೆಡ್ಡಾದಲ್ಲಿ ಏಶ್. ರಿಯಾದ್ ಮತ್ತು ನಿಮ್ಮ ಬುರೈದಾದ ಕಡೆ ವೆಶ್. ಯಾರೂ ತಪ್ಪು ಹೇಳಿಲ್ಲ, ಎಲ್ಲರೂ ಬೇರೆ ಬೇರೆ ಊರಿನ ಮಾತು ಹೇಳಿದ್ದಾರೆ ಅಷ್ಟೆ. ಅರಬ್ಬಿಯಲ್ಲಿ ಫುಸ್‌ಹಾ ಎಂಬುದೊಂದು ಇದೆ. ಪತ್ರಿಕೆ, ಟಿವಿ ವಾರ್ತೆ, ಭಾಷಣ, ಸರ್ಕಾರಿ ಅರ್ಜಿ ಎಲ್ಲ ಅದರಲ್ಲೇ. ಆದರೆ ಯಾವ ಮನೆಯಲ್ಲೂ ತಾಯಿ ಮಗುವಿಗೆ ಫುಸ್‌ಹಾದಲ್ಲಿ ಊಟಕ್ಕೆ ಕರೆಯುವುದಿಲ್ಲ. ಮನೆಯದ್ದು, ಬೀದಿಯದ್ದು ಆಮ್ಮಿಯಾ, ಆಡುಮಾತು. ಹಳಗನ್ನಡದ ಪದ್ಯ ಬಾಯಿಪಾಠ ಮಾಡಿದ ವಿದೇಶಿಯೊಬ್ಬ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಅಂತಿಟ್ಟುಕೊಳ್ಳಿ. ಅವನ ಮಾತು ಜನಕ್ಕೆ ಹೇಗೋ ತಿಳಿದೀತು. "ಎಲ್ಲಿಗ್ ಹೊಂಟೀರ್ರಿ" ಎಂದು ಅವರು ತಿರುಗಿ ಕೇಳಿದ್ದು ಅವನಿಗೆ ತಿಳಿಯುವುದಿಲ್ಲ. ಫುಸ್‌ಹಾ ಮಾತ್ರ ಕಲಿತು ಹೋದರೆ ನಿಮ್ಮ ಪಾಡೂ ಹಾಗೇ.

ಹಾಗಾದರೆ ಆ 18 ಸಾವಿರದ ಕ್ಲಾಸು? 45 ದಿನಕ್ಕೆ ನಿರರ್ಗಳ ಎನ್ನುವುದು ಸುಮ್ನೆ ಮಾತು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಇಂಗ್ಲಿಷ್ ಮಾತಾಡುವವರಿಗೆ ಅತಿ ಕಷ್ಟ ಎಂದು ಅವರು ಗುರುತಿಸಿದ ಭಾಷೆಗಳಲ್ಲಿ ಅರಬ್ಬಿಯೂ ಒಂದು. ಕಚೇರಿ ಕೆಲಸಕ್ಕೆ ಸಾಕಾಗುವಷ್ಟು ಕಲಿಯಲು 88 ವಾರ, ಸುಮಾರು 2200 ಗಂಟೆಗಳ ತರಗತಿ ಎಂಬುದು ಅವರ ಲೆಕ್ಕ. ಅದೂ ದಿನವಿಡೀ ಬೇರೆ ಕೆಲಸವಿಲ್ಲದೆ ಕೂತು ಕಲಿಯುವವರಿಗೆ. ನಿಮಗೆ ಡ್ಯೂಟಿ ಮುಗಿಸಿ ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಮೂರು ತಿಂಗಳಿಗೆ 65 ಗಂಟೆ ಚಿಲ್ಲರೆ. ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ನಿಮಗೆ "ಅರಬ್ಬಿ" ಪೂರ್ತಿ ಬೇಕಾಗಿಲ್ಲ. ಒಂದು ಊರಿನ, ಒಂದು ವಾರ್ಡಿನ, ಒಂದು ಹಾಸಿಗೆಯ ಸುತ್ತ ಆಡುವ ಮಾತು ಬೇಕು. ಅದಕ್ಕೆ 65 ಗಂಟೆ ಕಡಿಮೆಯೇನಲ್ಲ.

ಕ್ಲಾಸಿಗೆ ಸೇರುವುದೇ ಆದರೆ ದುಡ್ಡು ಕಟ್ಟುವ ಮೊದಲು ಮೇಷ್ಟ್ರಿಗೆ ಒಂದೇ ಒಂದು ವಾಕ್ಯ ಕೊಡಿ. "ನನಗೆ ಈಗ ನೀರು ಬೇಕು" ಅನ್ನೋದನ್ನ ಅರಬ್ಬಿಯಲ್ಲಿ ಹೇಳಿ ಎನ್ನಿ. "ಉರೀದು ಮಾಅನ್ ಅಲ್‌ಆನ್" ಎಂದರೆ ಅವರು ಕಲಿಸುವುದು ಫುಸ್‌ಹಾ. "ಆವ್ಝಾ ಮಯ್ಯಾ ದಿಲ್‌ವಅತಿ" ಎಂದರೆ ಈಜಿಪ್ಟಿನದು. "ಅಬಿ ಮೋಯಾ ಅಲ್‌ಹೀನ್" ಅಥವಾ "ಅಬ್ಗಾ ಮೋಯಾ" ಎಂದರೆ ಸೌದಿಯದು, ಅವರ ಹತ್ತಿರ ಮುಂದಿನ ಮಾತು ಆಡಿ. ಇದು ಯಾವ ಕಡೆಯ ಅರಬ್ಬಿ ಎಂದು ಕೇಳಿದಾಗ "ಅರೇಬಿಕ್ ಎಲ್ಲಾ ಒಂದೇ ಮೇಡಂ" ಎನ್ನುವವರಿಂದ ದೂರ ಇರಿ.

ಈಜಿಪ್ಟಿನ ಮಾತು ಕಲಿತರೆ ದಂಡ ಅಂತಲ್ಲ. ಅಲ್ಲಿನ ಸಿನಿಮಾ, ಸೀರಿಯಲ್ ನೋಡಿ ಸೌದಿಯವರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಸೌದಿ ಆಸ್ಪತ್ರೆಗಳಲ್ಲಿ ಈಜಿಪ್ಟ್, ಸುಡಾನ್, ಸಿರಿಯಾದ ಡಾಕ್ಟರುಗಳೂ ಜಾಸ್ತಿ. ಆದರೆ ನಿಮ್ಮ ಮುಂದೆ ಮಲಗಿರುವವರು ಖಸೀಮ್ ಪ್ರಾಂತ್ಯದವರು. ಬುರೈದಾ ಅದರ ಮುಖ್ಯ ಊರು, ಖರ್ಜೂರದ ಸಂತೆಗೆ ಹೆಸರಾದದ್ದು. ಅಲ್ಲಿನ ಹಳೆಯ ತಲೆಮಾರಿನ ಮಾತಿನಲ್ಲಿ ಒಂದು ವಿಶೇಷ ಇದೆ. ಹೆಂಗಸನ್ನು "ಹೇಗಿದ್ದೀರಿ" ಎಂದು ಕೇಳುವಾಗ ಬೇರೆ ಕಡೆ "ಕೇಫ್ ಹಾಲಿಕ್" ಎಂದರೆ ಅಲ್ಲಿನ ಅಜ್ಜಿಯರು "ಕೇಫ್ ಹಾಲಿತ್ಸ್" ಎನ್ನುತ್ತಾರೆ. ಕೊನೆಯ ಕ್ ಹೋಗಿ ತ್ಸ್ ಬರುತ್ತದೆ. ನೀವು ಹಾಗೆ ಮಾತಾಡಬೇಕಾಗಿಲ್ಲ. ಕಿವಿಗೆ ಬಿದ್ದಾಗ ಗಾಬರಿಯಾಗದಿದ್ದರೆ ಸಾಕು.

ನಿಮ್ಮ ತಮ್ಮ ಹೇಳಿದ ಮಾಫಿ ಮಾಲೂಮ್ ಭಾಷೆಯೂ ಸುಳ್ಳಲ್ಲ. ಅರಬರಿಗೂ ನಮ್ಮ ಕಡೆಯ ಕೆಲಸಗಾರರಿಗೂ ನಡುವೆ ಹುಟ್ಟಿದ ಮಾತು ಅದು. ಭಾಷಾ ವಿದ್ವಾಂಸರು ಅದನ್ನು ಗಲ್ಫ್ ಪಿಜಿನ್ ಎಂದು ಕರೆದು ಅಧ್ಯಯನವನ್ನೂ ಮಾಡಿದ್ದಾರೆ. ಅದರಲ್ಲಿ ಕ್ರಿಯಾಪದಕ್ಕೆ ಕಾಲ ಇಲ್ಲ, ಗಂಡು ಹೆಣ್ಣು ಇಲ್ಲ. ಎಲ್ಲರೂ "ಇಂತಾ", ಎಲ್ಲಾ ಕೆಲಸಕ್ಕೂ "ಸವ್ವಿ", ಇಲ್ಲ ಅನ್ನಲಿಕ್ಕೆ "ಮಾಫಿ". ಡ್ರೈವರ್ ಕೆಲಸಕ್ಕೆ ಅದು ಧಾರಾಳ ಸಾಕು. ನೇರ ಹೋಗು ಎನ್ನಲು ಗಲ್ಫ್‌ನ ಅರಬರೇ "ಸೀದಾ" ಅಂತಾರೆ, ಅದು ನಮ್ಮ ಕಡೆಯಿಂದಲೇ ಹೋದ ಶಬ್ದ.

ವಾರ್ಡಿನಲ್ಲಿ ಅದು ಸಾಲದು. "ಇಂತಾ ಆಕಿಲ್ ದವಾ" ಎಂದರೆ ಔಷಧಿ ತಗೊಂಡ್ರಾ, ತಗೊಳ್ತೀರಾ, ತಗೊಳ್ಳಿ, ಮೂರೂ ಆಗಬಹುದು. ರೋಗಿ "ಆಕಿಲ್, ಆಕಿಲ್" ಎಂದು ತಲೆಯಾಡಿಸುತ್ತಾರೆ. ಬಿ.ಪಿ. ಮಾತ್ರೆ ಹೊಟ್ಟೆಗೆ ಹೋಗಿದೆಯೋ ಟೇಬಲ್ ಮೇಲಿದೆಯೋ ದೇವರಿಗೇ ಗೊತ್ತು. ಸರಿಯಾದ ಎರಡು ಶಬ್ದ ಕಲಿತರೆ ಈ ಗೊಂದಲ ಇಲ್ಲ: ಹೆಣ್ಣುಮಗಳಿಗೆ "ಅಖದ್ತಿ?" ಎಂದರೆ ತಗೊಂಡ್ರಾ, "ಖುದಿ" ಎಂದರೆ ತಗೊಳ್ಳಿ. ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ನೀವು ಪಿಜಿನ್ ಶುರು ಮಾಡಿದ ಕೂಡಲೇ ಎದುರಿನವರೂ ನಿಮ್ಮ ಜೊತೆ ಪಿಜಿನ್ನಿಗೇ ಇಳಿಯುತ್ತಾರೆ. ಹತ್ತು ವರ್ಷ ಇದ್ದರೂ ನಿಜವಾದ ಮಾತು ಕಿವಿಗೆ ಬೀಳುವುದೇ ಇಲ್ಲ. ಇಪ್ಪತ್ತು ವರ್ಷ ಅಲ್ಲಿದ್ದು ಇವತ್ತಿಗೂ ಮಾಫಿ ಮಾಲೂಮ್‌ನಲ್ಲೇ ಇರುವವರು ನನಗೆ ಬೇಕಾದಷ್ಟು ಜನ ಗೊತ್ತು. ವಯಸ್ಸಾದ ಹೆಂಗಸಿಗೆ "ಇಂತಾ" ಎನ್ನುವುದು ಕೇಳಲಿಕ್ಕೂ ಚೆನ್ನಾಗಿರುವುದಿಲ್ಲ. ಹೆಂಗಸಿಗೆ "ಇಂತಿ". ಅದಕ್ಕಿಂತ ಒಳ್ಳೆಯದು "ಯಾ ಖಾಲಾ", ಚಿಕ್ಕಮ್ಮ ದೊಡ್ಡಮ್ಮ ಅಂದ ಹಾಗೆ. ವಯಸ್ಸಾದ ಗಂಡಸಿಗೆ "ಯಾ ಅಮ್", ಚಿಕ್ಕಪ್ಪ ಅಂತ. ನಿಮ್ಮನ್ನು ಅವರು "ಸಿಸ್ಟರ್" ಅಂತಲೇ ಕರೆಯುತ್ತಾರೆ, ಅದೂ ಈಗ ಅಲ್ಲಿನ ಶಬ್ದವೇ ಆಗಿಹೋಗಿದೆ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಉತ್ತರ ಚಿಕ್ಕದಾಗಿ ಬರುವ ಹಾಗೆ ಪ್ರಶ್ನೆ ಕೇಳುವುದನ್ನು ಕಲಿಯಿರಿ. "ವೆಶ್ ಫೀಕ್", ಏನಾಗಿದೆ, ಎಂದು ಕೇಳಬೇಡಿ. ಕೇಳಿದಿರೋ, ಕಥೆ ಶುರು. ಬದಲಿಗೆ ಕೈ ಇಟ್ಟು "ಹಿನಾ?" ಎನ್ನಿ, ಇಲ್ಲಿಯಾ ಅಂತ. ಉತ್ತರ "ಐವಾ" ಅಥವಾ "ಲಾ". ಯಾವಾಗಿನಿಂದ ಎಂದು ಕೇಳುವ ಬದಲು "ಅಲ್‌ಯೋಮ್? ಅಮ್ಸ್?", ಇವತ್ತಾ, ನಿನ್ನೆಯಾ. ನೋವು ಎಷ್ಟು ಎಂದು ವಿವರಿಸಲು ಬಿಡದೆ "ಮಿನ್ ವಾಹಿದ್ ಇಲಾ ಅಶರಾ", ಒಂದರಿಂದ ಹತ್ತರೊಳಗೆ. ಹೌದು, ಅಲ್ಲ, ಒಂದು ಅಂಕಿ, ಒಂದು ಬೆರಳು ತೋರಿಸುವುದು – ಈ ನಾಲ್ಕರಲ್ಲಿ ಮುಗಿಯುವ ಪ್ರಶ್ನೆಗಳು ನಿಮ್ಮ ಹತ್ತಿರ ನಲವತ್ತಿದ್ದರೆ ಮೊದಲ ಆರು ತಿಂಗಳು ದಾಟುತ್ತೀರಿ. ನೀವು ವಾರ್ಡಿನಲ್ಲಿ ದಿನಾ ಕನ್ನಡದಲ್ಲಿ ಕೇಳುವ ಪ್ರಶ್ನೆಗಳನ್ನೇ ನಾಳೆ ಡ್ಯೂಟಿಯಲ್ಲಿ ಬರೆದುಕೊಳ್ಳಿ. ಪಟ್ಟಿ ಅಲ್ಲೇ ಸಿದ್ಧ.

ಅಂಕಿಗಳನ್ನು ಗಟ್ಟಿ ಮಾಡಿಕೊಳ್ಳಿ. ಹತ್ತರವರೆಗೆ ಎರಡು ದಿನದಲ್ಲಿ ಬರುತ್ತದೆ. ಆಮೇಲೆ ಎರಡು ಹಳ್ಳ ಇವೆ. ಮೊದಲನೆಯದು, ಬಿಡಿ ಅಂಕಿ ಮೊದಲು, ಹತ್ತು ಆಮೇಲೆ. ಇಪ್ಪತ್ತೈದನ್ನು "ಖಮ್ಸಾ ವ ಇಶ್ರೀನ್", ಐದು ಮತ್ತು ಇಪ್ಪತ್ತು, ಎನ್ನುತ್ತಾರೆ. ಅವಸರದಲ್ಲಿ ಬರೆದರೆ 52 ಆಗುತ್ತದೆ. ಎರಡನೆಯದು ಇನ್ನೂ ಹುಷಾರಿನದು. "ಎರಡು" ಎನ್ನಲು ಇಥ್ನೇನ್ ಎಂಬ ಶಬ್ದ ಇದೆ, ಆದರೆ ವಸ್ತುವಿನ ಜೊತೆ ಅದು ಸಾಮಾನ್ಯವಾಗಿ ಬರುವುದಿಲ್ಲ. ಶಬ್ದದ ಬಾಲಕ್ಕೆ "-ಏನ್" ಎಂಬ ದನಿ ಸೇರಿಕೊಳ್ಳುತ್ತದೆ. ಯೋಮ್ ಒಂದು ದಿನ, ಯೋಮೇನ್ ಎರಡು ದಿನ. ಹಬ್ಬಾ ಒಂದು ಮಾತ್ರೆ, ಹಬ್ಬತೇನ್ ಎರಡು. ಮರ್ರತೇನ್ ಎರಡು ಸಲ. ಎಷ್ಟು ತಗೊಂಡ್ರಿ ಎಂದು ಕೇಳಿ ನೀವು ಇಥ್ನೇನ್‌ಗೆ ಕಾಯುತ್ತಿರುತ್ತೀರಿ, ಅವರು ಹಬ್ಬತೇನ್ ಎಂದಾಗಿರುತ್ತದೆ. ನಿಮ್ಮ ಕಿವಿಗೆ ಬಿದ್ದದ್ದು ಬರೀ ಹಬ್ಬ.

ಬರೆಯುವ ಅಂಕಿಯ ರೂಪವೂ ಬೇರೆ. ಸೌದಿಯಲ್ಲಿ ಸಕ್ಕರೆ ಕಾಯಿಲೆಯ ರೋಗಿಗಳು ಮನೆಯಲ್ಲಿ ನೋಡಿದ ಶುಗರ್ ಲೆಕ್ಕವನ್ನು ಚೀಟಿಯಲ್ಲಿ ಬರೆದು ತರುವುದುಂಟು. ಅವರ 5 ನಮ್ಮ ಕನ್ನಡದ ಸೊನ್ನೆ, ೦, ಇದ್ದ ಹಾಗೇ. ಅವರ ಸೊನ್ನೆ ಬರೀ ಒಂದು ಚುಕ್ಕಿ. ಅವರ 6 ಇಂಗ್ಲಿಷಿನ ಏಳರಂತೆ ಕಾಣುತ್ತದೆ. ಏಳು ಬಾಯಿ ಮೇಲೆ ತೆರೆದ ಆಲಿಕೆಯಂತೆ, ಎಂಟು ಅದನ್ನೇ ಬೋರಲು ಹಾಕಿದಂತೆ. ಹೀಗಾಗಿ 150 ಎಂದು ಬರೆದದ್ದು ಹೊಸಬರ ಕಣ್ಣಿಗೆ 10 ಬರೆದು ಚುಕ್ಕಿ ಇಟ್ಟಂತೆ ಕಾಣುತ್ತದೆ. ಅಕ್ಷರಗಳು ಬಲದಿಂದ ಎಡಕ್ಕೆ ಓಡಿದರೂ ಅಂಕಿಗಳನ್ನು ಓದುವುದು ನಮ್ಮಂತೆ ಎಡದಿಂದಲೇ. ತಮಾಷೆ ಏನೆಂದರೆ ಈ ಅಂಕಿಗಳಿಗೆ ಅರಬರು ಇಟ್ಟ ಹೆಸರು "ಹಿಂದಿ ಅಂಕಿ", ಅಂದರೆ ಭಾರತದ್ದು. ಹತ್ತೂ ಅಂಕಿಗಳನ್ನು ಒಂದು ಸಂಜೆ ಕೂತು ಕಲಿತುಬಿಡಿ. ವಾರದ ದಿನಗಳಲ್ಲಿ ಐದು ಇದರ ಜೊತೆಗೇ ಬರುತ್ತವೆ: ಭಾನುವಾರ ಅಹದ್ ಅಂದರೆ ಒಂದನೆಯದು, ಸೋಮವಾರ ಎರಡನೆಯದು, ಹೀಗೆ ಗುರುವಾರದವರೆಗೆ. ಶುಕ್ರವಾರ ಜುಮ್ಆ, ಶನಿವಾರ ಸಬ್ತ್, ಇವೆರಡು ರಜೆ ದಿನ. ನಿಮಗೆ ಶಿಫ್ಟು, ಅದು ಬೇರೆ ಮಾತು.

ಹೊತ್ತು ಹೇಳುವ ರೀತಿ ಒಂದಿದೆ. ನಮ್ಮ ಅಜ್ಜಿಯರು "ದೀಪ ಹಚ್ಚೋ ಹೊತ್ತಿಗೆ ಶುರುವಾಯ್ತು" ಎನ್ನುತ್ತಿದ್ದರಲ್ಲ, ಹಾಗೇ ಅಲ್ಲಿ ವಯಸ್ಸಾದವರು ನಮಾಜಿನ ಲೆಕ್ಕದಲ್ಲಿ ಹೇಳುತ್ತಾರೆ. "ಬಅದ್ ಅಲ್ ಮಗ್ರಿಬ್" ಎಂದರೆ ಸೂರ್ಯ ಮುಳುಗಿದ ಮೇಲೆ. ಫಜ್ರ್, ದುಹ್ರ್, ಅಸ್ರ್, ಮಗ್ರಿಬ್, ಇಶಾ – ಐದನ್ನೂ ಗಡಿಯಾರ ಎಂದುಕೊಂಡು ಕಲಿಯಿರಿ. ರಂಜಾನಿನಲ್ಲಿ ಇನ್ನೊಂದು ಎಚ್ಚರ ಬೇಕು. ಫತೂರ್ ಎಂದರೆ ಬೆಳಗಿನ ತಿಂಡಿ. ಆದರೆ ಆ ಒಂದು ತಿಂಗಳು ಸಂಜೆ ಉಪವಾಸ ಬಿಡುವ ಊಟಕ್ಕೂ ಅದೇ ಹೆಸರು. "ಫತೂರ್ ಆದ ಮೇಲೆ ಮಾತ್ರೆ" ಎಂದು ನೀವು ಬೆಳಿಗ್ಗೆಯನ್ನು ಮನಸ್ಸಿನಲ್ಲಿಟ್ಟು ಹೇಳಿದರೆ ರೋಗಿ ಸಂಜೆ ನುಂಗುತ್ತಾರೆ. ಗಂಟೆ ಹೇಳಿ, ಬೆರಳಿನಲ್ಲಿ ತೋರಿಸಿ.

ಕಿವಿಗೆ ಸರಿಯಾಗಿ ಬಿದ್ದೂ ಮೋಸ ಹೋಗುವ ಮಾತುಗಳಿವೆ. "ಕೇಫ್ ಹಾಲಿಕ್" ಎಂದು ಕೇಳಿದರೆ ಬರುವ ಉತ್ತರ ಯಾವಾಗಲೂ "ಅಲ್ ಹಮ್ದುಲಿಲ್ಲಾಹ್". ಜ್ವರ 103 ಇದ್ದರೂ ಅದೇ, ಕಾಲು ಮುರಿದಿದ್ದರೂ ಅದೇ. ದೇವರಿಗೆ ಸ್ತುತಿ ಎಂದು ಅರ್ಥ. ನಮ್ಮ ಹಿರಿಯರು "ಏನೋ ಇದೀನಪ್ಪ" ಎಂದ ಹಾಗೆ. ಅದನ್ನು ಕೇಳಿ ಚಾರ್ಟಿನಲ್ಲಿ ರೋಗಿ ಆರಾಮಾಗಿದ್ದಾರೆ ಎಂದು ಬರೆಯಬೇಡಿ. ಮುಂದಿನ ಪ್ರಶ್ನೆ ಕೇಳಿ: "ಫೀ ಅಲಮ್?", ನೋವಿದೆಯಾ. "ನಅಮ್" ಎಂದರೆ ಹೌದು. ಆದರೆ ಅದನ್ನೇ ರಾಗ ಎಳೆದು "ನಅಮ್?" ಎಂದರೆ ಏನಂದ್ರಿ, ಕೇಳಿಸಲಿಲ್ಲ ಎಂದರ್ಥ. ನಮ್ಮ ತಲೆ ಅಲ್ಲಾಡಿಸುವ ಹೌದು ಇದೆಯಲ್ಲ, ಅದನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ. ಅಲ್ಲಿ ಅದು ಇಲ್ಲ ಎಂಬಂತೆ ಕಾಣುತ್ತದೆ. ಐದೂ ಬೆರಳ ತುದಿ ಕೂಡಿಸಿ ಕೈ ಮೇಲೆ ಕೆಳಗೆ ಆಡಿಸಿದರೆ ನಮ್ಮವರು ಏನು ಸಮಾಚಾರ ಎಂದುಕೊಳ್ಳುತ್ತಾರೆ, ಅವರು ಹೇಳುತ್ತಿರುವುದು ಸ್ವಲ್ಪ ತಡಿ ಅಂತ.

ಉಚ್ಚಾರಣೆಯ ಭಯ ಹುಟ್ಟಿಸುವವರು ಒಂದು ಉದಾಹರಣೆಯನ್ನು ತಪ್ಪದೆ ಕೊಡುತ್ತಾರೆ. ಹೃದಯಕ್ಕೆ ಕಲ್ಬ್, ನಾಯಿಗೂ ಕಲ್ಬ್. ಮೊದಲನೆಯ ಕ ಗಂಟಲ ಆಳದಿಂದ ಬರಬೇಕು, ತಪ್ಪಿದರೆ ಮರ್ಯಾದೆ ಹೋಯಿತು ಎಂದು. ಫುಸ್‌ಹಾದಲ್ಲಿ ಅದು ಸರಿ. ನೀವು ಹೋಗುವ ಕಡೆ ಆ ಆಳದ ಕ ನಮ್ಮ ಸಾದಾ ಗ ಆಗಿದೆ. ಹೃದಯ ಗಲ್ಬ್, ಕಾಫಿ ಗಹ್ವಾ. ಕನ್ನಡದ ಗ ಹಾಕಿ, ಮುಗೀತು. ನಿಮಗೆ ನಿಜಕ್ಕೂ ಕಷ್ಟ ಕೊಡುವುದು ಐನ್ ಎಂಬ ಅಕ್ಷರ. ಗಂಟಲು ಹಿಂಡಿ ಹೊರಡಿಸುವ ಅ ಅದು. ಸಬ್ಅ ಏಳು, ತಿಸ್ಅ ಒಂಬತ್ತು, ಎರಡರ ಕೊನೆಗೂ ಅದೇ ಬರುತ್ತದೆ. ಫೋನಿನಲ್ಲಿ ಲ್ಯಾಬ್ ರಿಪೋರ್ಟ್ ಕೇಳುವಾಗ ಇವೆರಡು ಅದಲುಬದಲಾಗುವುದುಂಟು. ತಿರುಗಿ ಹೇಳಿಸಿ.

ನಮಗೆ ಅನುಕೂಲವಾದ ವಿಷಯವೂ ಇದೆ, ಅದನ್ನು ಇಂಗ್ಲಿಷ್ ವಿಡಿಯೋಗಳು ಹೇಳುವುದಿಲ್ಲ. ಅರಬ್ಬಿಯಲ್ಲಿ ದೀರ್ಘ ಮತ್ತು ಒತ್ತು ಬದಲಾದರೆ ಅರ್ಥವೇ ಬದಲು. ಹಮಾಮ್ ಎಂದರೆ ಪಾರಿವಾಳ, ಮ್ಮಾ ಎಂದು ಒತ್ತು ಕೊಟ್ಟು ಹಮ್ಮಾಮ್ ಎಂದರೆ ಬಚ್ಚಲು, ಟಾಯ್ಲೆಟ್. ಕತೆ ಮತ್ತು ಕತ್ತೆಯ ವ್ಯತ್ಯಾಸ ಹುಟ್ಟಿನಿಂದ ಗೊತ್ತಿರುವ ನಿಮಗೆ ಇದು ನೀರು ಕುಡಿದಷ್ಟು ಸುಲಭ. ಹಾಗಾಗಿ ನೋಟ್ಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ, ಕನ್ನಡದಲ್ಲೇ ಬರೆಯಿರಿ. ಐನ್ ಬಂದಲ್ಲಿ ಅ ಕೆಳಗೆ ಒಂದು ಚುಕ್ಕಿ, ಗಂಟಲಿನ ಹ ಬಂದಲ್ಲಿ ಹ ಕೆಳಗೆ ಒಂದು ಚುಕ್ಕಿ ಇಟ್ಟುಕೊಳ್ಳಿ.

ಶಬ್ದಗಳೂ ಒಂದಷ್ಟು ಈಗಾಗಲೇ ನಿಮ್ಮ ಬಾಯಲ್ಲಿವೆ. ಕುರ್ಚಿ ಅಲ್ಲಿ ಕುರ್ಸಿ. ತಾರೀಖು ತಾರೀಖ್. ಖಾಲಿ ಖಾಲಿಯೇ. ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳಲು "ಅಲ್ ಬಾಕಿ" ಎಂದರೆ ಸಾಕು. ದವಾಖಾನೆಯ ದವಾ ಅಲ್ಲಿಯೂ ಔಷಧಿ. ಸಕ್ಕರೆ ಕಾಯಿಲೆಗೆ ನಮ್ಮ ಹಾಗೇ ಸಕ್ಕರೆಯ ಹೆಸರು, ಸುಕ್ಕರ್. ಬಿ.ಪಿ.ಗೆ ದಗ್ತ್. ವಯಸ್ಸಾದವರು "ಇಂದಿ ಸುಕ್ಕರ್ ವ ದಗ್ತ್" ಎಂದರೆ ನನಗೆ ಶುಗರ್ ಬಿ.ಪಿ. ಎರಡೂ ಇದೆ ಅಂತ. ಆದರೆ ಗರೀಬ್ ಎಂದರೆ ಅಲ್ಲಿ ಬಡವ ಅಲ್ಲ, ಅಪರಿಚಿತ, ವಿಚಿತ್ರ. ತಕ್ರಾರ್ ಎಂದರೆ ಜಗಳ ಅಲ್ಲ, ಮತ್ತೊಮ್ಮೆ ಮಾಡುವುದು.

ಲಿಪಿ? ಕಲಿಯಿರಿ, ಆದರೆ ಮೊದಲ ತಿಂಗಳು ಬೇಡ. 28 ಅಕ್ಷರ, ಜಾಗಕ್ಕೆ ತಕ್ಕ ಹಾಗೆ ರೂಪ ಬದಲಿಸುತ್ತವೆ, ಹ್ರಸ್ವ ಸ್ವರಗಳನ್ನು ಬರೆಯುವುದೇ ಇಲ್ಲ. ಕ್‌ತ್‌ಬ್ ಎಂದು ಬರೆದದ್ದನ್ನು ಕತಬ ಎಂದು ಓದಬೇಕೋ ಕುತುಬ್ ಎಂದು ಓದಬೇಕೋ ಎಂಬುದು ಭಾಷೆ ಬಂದವರಿಗೆ ಮಾತ್ರ ತಿಳಿಯುತ್ತದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಚಾರ್ಟು, ಔಷಧಿ ಆರ್ಡರು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತವೆ, ಅವಸರವಿಲ್ಲ. ಕೆಲಸದ ಕರಾರಿನ ವಿಷಯದಲ್ಲಿ ಮಾತ್ರ ನೆನಪಿಡಿ. ಸೌದಿಯ ಕಾರ್ಮಿಕ ಕಾನೂನಿನ ಪ್ರಕಾರ ಎರಡು ಭಾಷೆಯಲ್ಲಿ ಬರೆದಿದ್ದರೆ ಅರಬ್ಬಿಯಲ್ಲಿ ಇರುವುದೇ ಅಂತಿಮ. ಸಹಿ ಹಾಕುವ ಮೊದಲು ಅರಬ್ಬಿ ಭಾಗವನ್ನು ಗೊತ್ತಿರುವವರಿಂದ ಓದಿಸಿ. ಸಂಬಳ, ರಜೆ, ವಾಪಸ್ ಟಿಕೆಟ್, ಈ ಮೂರು ಸಾಲು ಬೆರಳಿಟ್ಟು ಕೇಳಿ.

ಫೋನಿನ ಅನುವಾದದ ಆಪ್ ನೀರು, ಹೊದಿಕೆ, ಊಟದ ಮಾತಿಗೆ ಪರವಾಗಿಲ್ಲ. ಹಲ್ಲಿಲ್ಲದ ಅಜ್ಜನ ಖಸೀಮಿ ಮಾತನ್ನು ಅದು ಏನೇನೋ ಮಾಡಿಬಿಡುತ್ತದೆ. ರೋಗಿಯ ವಿಷಯವನ್ನು ನಿಮ್ಮ ಸ್ವಂತ ಫೋನಿಗೆ ಹೇಳಿಸುವುದು ಗೋಪ್ಯತೆಯ ದೃಷ್ಟಿಯಿಂದಲೂ ಸರಿಯಲ್ಲ. ಜೊತೆಗಿರುವ ಮುರಾಫಿಕ್, ಅಂದರೆ ರೋಗಿಯನ್ನು ನೋಡಿಕೊಳ್ಳಲು ಉಳಿದ ಮನೆಯವರು, ಬಹಳ ಸಹಾಯ ಮಾಡುತ್ತಾರೆ. ನನ್ನನ್ನು ಉಳಿಸಿದ್ದೂ ಅಂಥವನೇ ಒಬ್ಬ. ಆದರೆ ಮಗನ ಮುಂದೆ ತಾಯಿ ಎಲ್ಲವನ್ನೂ ಹೇಳುವುದಿಲ್ಲ, ಮಗನೂ ಕೆಟ್ಟ ಸುದ್ದಿಯನ್ನು ತಾಯಿಗೆ ದಾಟಿಸುವುದಿಲ್ಲ. ಆಪರೇಷನ್ನಿನ ಒಪ್ಪಿಗೆ ಸಹಿ, ಅಲರ್ಜಿ, ಗರ್ಭಿಣಿ ಹೌದೋ ಅಲ್ಲವೋ, ಮನೆಗೆ ಕಳಿಸುವಾಗ ಮಾತ್ರೆಯ ಲೆಕ್ಕ – ಈ ನಾಲ್ಕರಲ್ಲಿ ನಿಮ್ಮ ಅರಬ್ಬಿ ಎಷ್ಟೇ ಚೆನ್ನಾಗಾದರೂ ಮೊದಲೆರಡು ವರ್ಷ ಅರಬ್ಬಿ ಮಾತೃಭಾಷೆಯ ಸಿಬ್ಬಂದಿಯನ್ನು ಅಥವಾ ಆಸ್ಪತ್ರೆಯ ದುಭಾಷಿಯನ್ನು ಕರೆಯಿರಿ. ರಾತ್ರಿ ಮೂರು ಗಂಟೆಗೆ ಕರೆದರೆ ಗೊಣಗುತ್ತಾರೆ. ನಾನೂ ಗೊಣಗಿದ್ದೇನೆ. ಕರೆಯಿರಿ.

ಎಲ್ಲಕ್ಕಿಂತ ಮೊದಲು ಬಾಯಿಪಾಠ ಆಗಬೇಕಾದ ಮಾತು ಇದು: "ಮಾ ಫಹಿಮ್ತ್. ಮರ್ರಾ ಥಾನ್ಯಾ, ಶ್ವಯ್ ಶ್ವಯ್." ಅರ್ಥವಾಗಲಿಲ್ಲ, ಇನ್ನೊಂದು ಸಲ, ನಿಧಾನಕ್ಕೆ. ನೋಡಿ, ನನ್ನನ್ನು ಬೀಳಿಸಿದ ಮರ್ರಾ ಇಲ್ಲಿ ಮತ್ತೆ "ಸಲ" ಆಗಿಯೇ ಬಂತು. ಹೊಸ ನರ್ಸುಗಳು ನಾಚಿಕೆಗೆ ಬಿದ್ದು ನಕ್ಕು ತಲೆಯಾಡಿಸಿ ಮುಂದೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸಿಟ್ಟಾಗುವ ರೋಗಿ ಕಡಿಮೆ. ಹೊರಗಿನವರು ಎರಡು ಮಾತು ಕಲಿತರೆ ಅವರಿಗೆ ಬಹಳ ಖುಷಿ, ಹತ್ತು ಸಲ ಹೇಳಿಕೊಡುತ್ತಾರೆ. ನಿಮ್ಮ ವಾರ್ಡಿನಲ್ಲಿ ಕೇರಳದ, ಫಿಲಿಪೀನ್ಸಿನ ಹಳೆಯ ಸಿಸ್ಟರುಗಳು ಇದ್ದೇ ಇರುತ್ತಾರೆ. ಅವರಲ್ಲಿ ರೋಗಿಗಳ ಜೊತೆ ನಗುತ್ತಾ ಮಾತಾಡುವವರು ಯಾರೆಂದು ಗುರುತು ಹಿಡಿದು ಮೊದಲ ತಿಂಗಳು ಅವರ ಹಿಂದೆಯೇ ಓಡಾಡಿ. ನಿಮಗೆ ಸಿಗುವ ಒಳ್ಳೆಯ ಕ್ಲಾಸು ಅದೇ, ಅದಕ್ಕೆ 18 ಸಾವಿರ ಬೇಡ. ಇಲ್ಲಿರುವಾಗ ಸೌದಿಯ ಮಾತು ಬಲ್ಲ ಒಬ್ಬರ ಹತ್ತಿರ ವಾರಕ್ಕೆರಡು ಗಂಟೆ ಕೂತು, ನಿಮ್ಮ ನಲವತ್ತು ಪ್ರಶ್ನೆಗಳನ್ನೂ ಅವುಗಳಿಗೆ ಬರಬಹುದಾದ ಉತ್ತರಗಳನ್ನೂ ಅವರ ದನಿಯಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ಬಸ್ಸಿನಲ್ಲಿ ಉತ್ತರಗಳನ್ನು ಹೆಚ್ಚು ಕೇಳಿ.

ಕೊನೆಯ ಪ್ರಶ್ನೆ. ಇನ್‌ಶಾ ಅಲ್ಲಾ, ಅಲ್ ಹಮ್ದುಲಿಲ್ಲಾಹ್ ಎಂದು ಅರಬ್ ಕ್ರೈಸ್ತರೂ ದಿನವಿಡೀ ಹೇಳುತ್ತಾರೆ. ಅದು ಆ ಭಾಷೆಯ ನಡೆ. ಹೇಳಿದರೆ ನಿಮ್ಮ ಧರ್ಮಕ್ಕೇನೂ ಆಗುವುದಿಲ್ಲ, ಅವರಿಗೂ ಬೇಸರವಿಲ್ಲ. ಮನಸ್ಸು ಒಪ್ಪದಿದ್ದರೆ "ತಯ್ಯಿಬ್", ಸರಿ, ಎಂದರೂ ನಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಮಾತ್ರೆ ತಗೊಳ್ತೀರಾ ಎಂದು ಕೇಳಿದ್ದಕ್ಕೆ ರೋಗಿ ಇನ್‌ಶಾ ಅಲ್ಲಾ ಎಂದರೆ ಅದನ್ನು ಹೌದು ಎಂದು ಬರೆದುಕೊಳ್ಳಬೇಡಿ. ನಮ್ಮ "ನೋಡೋಣ" ಎಷ್ಟು ಗಟ್ಟಿಯೋ ಅದೂ ಅಷ್ಟೇ ಗಟ್ಟಿ.

ಹೋಗುವ ಮೊದಲು ಇನ್ನೊಂದು ಮಾತು ಕಲಿತಿರಿ. ಹುಷಾರಿಲ್ಲದವರಿಗೆ ಸೌದಿಯಲ್ಲಿ "ಮಾ ತ್ಶೂಫ್ ಶರ್" ಎನ್ನುತ್ತಾರೆ, ಕೆಡುಕು ಕಾಣದಿರಲಿ ಎಂದು. ಹೆಂಗಸಿಗಾದರೆ "ಮಾ ತ್ಶೂಫೀನ್ ಶರ್". ಹಾಸಿಗೆಯ ಪಕ್ಕ ನಿಂತು ಇದನ್ನು ಹೇಳಿ ನೋಡಿ. "ಅಶ್ಶರ್ ಮಾ ಯಿಜೀಕ್" ಎಂದು ಉತ್ತರ ಬರುತ್ತದೆ, ಕೆಡುಕು ನಿನ್ನ ಬಳಿಗೂ ಬಾರದಿರಲಿ ಅಂತ. ಬುರೈದಾದ ಅಜ್ಜಿಯಾದರೆ "ಯಿಜೀತ್ಸ್" ಎಂದಾರು.